ಮರದ ಮೀನಿನ ಮೇಲಿನ ಕಾಣದ ಪದರ

ಎರೆಹುಳು ಸಿಕ್ಕಿಸಿದ ಗಾಳ ನಮಗೆ ಹೊಸದಲ್ಲ. ಕೆರೆಯ ಏರಿಯ ಮೇಲೋ ಹೊಳೆಯ ದಂಡೆಯಲ್ಲೋ ಒಂದು ಮಧ್ಯಾಹ್ನ ಕಳೆದವರಿಗೆಲ್ಲ ಅದರ ಪರಿಚಯವಿರುತ್ತದೆ. ಆದರೆ ಎರೆಯೇ ಇಲ್ಲದೆ ಮೀನು ಹಿಡಿಯುವ ವಿದ್ಯೆಯೊಂದಿದೆ. ಮರದ ತುಂಡನ್ನು ಪುಟ್ಟ ಮೀನಿನಂತೆ ಕೆತ್ತಿ, ಬಣ್ಣ ಬಳಿದು, ಕೊಕ್ಕೆ ಕಟ್ಟಿ ನೀರಿಗೆಸೆದರೆ ದೊಡ್ಡ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕುತ್ತದೆ. ಇದನ್ನು ಹುಸಿಮೀನು ಎಂದು ಕರೆಯೋಣ. ನೋಡುವವರ ಕಣ್ಣೆಲ್ಲ ಅದರ ಬಣ್ಣದ ಮೇಲೆ. ಆದರೆ ಇದನ್ನು ದುಡಿಮೆಯ ಸಾಧನವನ್ನಾಗಿ ಮಾಡಿದ್ದು ಬಣ್ಣಕ್ಕಿಂತ ಹೆಚ್ಚಾಗಿ ಅದರ ಮೇಲಿನ ಪಾರದರ್ಶಕ ಪದರ. ಆ ಪದರದ ಕಥೆಯೇ ಈ ಲೇಖನ.

ಮರದ ಹುಸಿಮೀನನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರಲ್ಲಿ ಅಮೆರಿಕದ ಮಿಚಿಗನ್ ರಾಜ್ಯದ ಡೊವಾಜಾಕ್ ಊರಿನ ಜೇಮ್ಸ್ ಹೆಡನ್ ಪ್ರಮುಖ. ವೃತ್ತಿಯಿಂದ ಅವರು ಜೇನು ಸಾಕಣೆಗಾರ. 19ನೇ ಶತಮಾನದ ಕೊನೆಯಲ್ಲಿ ಒಂದು ದಿನ ಗಿರಣಿಯ ಕೊಳದ ಬಳಿ ಕುಳಿತು ಮರದ ತುಂಡೊಂದನ್ನು ಕೆತ್ತುತ್ತಿದ್ದರಂತೆ. ಬೇಸರದಿಂದ ಅದನ್ನು ನೀರಿಗೆಸೆದಾಗ ಬಾಸ್ ಮೀನೊಂದು ಹಾರಿ ಅದನ್ನು ಕಚ್ಚಿತೆಂದು ಆ ಊರಿನವರು ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಅವರ ಮನೆತನದ ಕಾರ್ಖಾನೆಯಂತೂ ನಿಜ. ಅಲ್ಲಿಂದ ಹೊರಬಂದ ಹೊಳಪಿನ ಮರದ ಮೀನುಗಳನ್ನು ಇಂದು ಸಂಗ್ರಾಹಕರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಹೊಳಪು ಅಂದಕ್ಕಾಗಿ ಮಾತ್ರವೇ? ಈ ಕಾರ್ಯಕ್ರಮದ ಚಿತ್ರೀಕರಣದಲ್ಲಿ ನಮಗೊಂದು ಪಾಠವಾಯಿತು. ಹಗುರ ಜಾತಿಯ ಮರದಿಂದ ಒಂದೇ ಅಳತೆಯ ಎರಡು ಮೀನು ಕೆತ್ತಿಸಿ ಬಣ್ಣ ಹಚ್ಚಿದ್ದೆವು. ಒಂದಕ್ಕೆ ಮಾತ್ರ ಮೂರು ಸಲ ವಾರ್ನಿಷ್ ಬಳಿಯುವಷ್ಟರಲ್ಲಿ ಸಂಜೆಯಾಯಿತು. ಎರಡನ್ನೂ ನೀರಿನ ತೊಟ್ಟಿಯಲ್ಲಿ ಬಿಟ್ಟು ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ವಾರ್ನಿಷ್ ಇಲ್ಲದ ಮೀನು ಒಂದು ಪಕ್ಕಕ್ಕೆ ವಾಲಿ ಅರ್ಧ ಮುಳುಗಿತ್ತು. ಬೆನ್ನಿನ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಇನ್ನೊಂದು ನೆಟ್ಟಗೆ ತೇಲುತ್ತಿತ್ತು. ಹೊಸದೊಂದನ್ನು ಕೆತ್ತಿಸೋಣವೇ ಎಂದು ಛಾಯಾಗ್ರಾಹಕರು ಕೇಳಿದರು. ಬೇಡ, ಇದನ್ನೇ ತೋರಿಸೋಣ ಎಂದೆ.

ಕಾರಣ ಮರದ ರಚನೆಯಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರವೆಂಬುದು ಸಾವಿರಾರು ಸಣ್ಣ ಕೊಳವೆಗಳ ಕಟ್ಟು. ನೀರು ಮೊದಲು ಕೋಶಗಳ ಗೋಡೆಯೊಳಗೆ ಸೇರುತ್ತದೆ. ಒಣ ಮರದ ತೂಕದ ಸುಮಾರು ಶೇಕಡಾ 30ರಷ್ಟು ನೀರನ್ನು ಈ ಗೋಡೆಗಳೇ ಹಿಡಿದಿಟ್ಟುಕೊಳ್ಳುತ್ತವೆ, ಆಗ ಮರ ಉಬ್ಬುತ್ತದೆ. ಮರ ಉಬ್ಬಿದರೂ ಬಣ್ಣ ಅದರ ಜೊತೆ ಹಿಗ್ಗುವುದಿಲ್ಲ, ಆದ್ದರಿಂದ ಬಿರಿಯುತ್ತದೆ. ಬಿರುಕಿನಿಂದ ಇನ್ನಷ್ಟು ನೀರು ಒಳಗಿಳಿದು ಕೊಳವೆಗಳ ಟೊಳ್ಳಿನಲ್ಲಿ ತುಂಬುತ್ತದೆ. ತೂಕದ ಹಂಚಿಕೆ ಬದಲಾಗಿ, ಕೆತ್ತಿದವನು ಲೆಕ್ಕ ಹಾಕಿ ಕೊಟ್ಟಿದ್ದ ನಡಿಗೆ ಕೆಡುತ್ತದೆ. ಅದರಲ್ಲೂ ಕೊಕ್ಕೆ ತಿರುಪಿದ ತೂತು, ಎಳೆ ಕಡಿದ ತುದಿ, ಇವೆರಡು ನೀರಿಗೆ ತೆರೆದ ಬಾಗಿಲುಗಳು. ನುರಿತವರು ಮೊದಲು ಇವನ್ನೇ ಮುಚ್ಚುತ್ತಾರೆ.

ಈಗ ಫಿನ್ಲೆಂಡಿಗೆ ಹೋಗೋಣ. ಅಲ್ಲಿಯ ಪೈಯಾನ್ನೆ ಸರೋವರದಲ್ಲಿ ಲೌರಿ ರಾಪಲಾ ಎಂಬ ಬಡ ಮೀನುಗಾರರಿದ್ದರು. ಹುಟ್ಟಿದ್ದು 1905ರಲ್ಲಿ. ಉದ್ದನೆಯ ಹುರಿಗೆ ಸಾಲಾಗಿ ಕೊಕ್ಕೆ ಕಟ್ಟಿ, ಒಂದೊಂದಕ್ಕೂ ಕೈಯಾರೆ ಎರೆ ಸಿಕ್ಕಿಸುವುದು ಅವರ ನಿತ್ಯದ ದುಡಿಮೆ. ಎರೆ ಹುಡುಕುವುದರಲ್ಲೇ ದಿನದ ಬಹುಪಾಲು ಕಳೆಯುತ್ತಿತ್ತು. ದೋಣಿಯಲ್ಲಿ ಕುಳಿತು ನೀರನ್ನೇ ಗಮನಿಸುತ್ತಿದ್ದ ಅವರಿಗೆ ಒಂದು ಸಂಗತಿ ಹೊಳೆಯಿತು. ಬೇಟೆಯ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ ಸಿಕ್ಕಿದ್ದನ್ನೆಲ್ಲ ಹಿಡಿಯುವುದಿಲ್ಲ. ಗಾಯಗೊಂಡು, ಹೊಯ್ದಾಡುತ್ತಾ, ಸರಿಯಾಗಿ ಈಜಲಾರದ ಒಂದನ್ನು ಆರಿಸಿಕೊಳ್ಳುತ್ತದೆ. ಹಾಗಾದರೆ ಹೀಗೆ ತೊನೆಯುವ ಹುಸಿಮೀನೊಂದಿದ್ದರೆ ಎರೆಯ ಚಿಂತೆಯೇ ಇಲ್ಲ!

1936ರಲ್ಲಿ ಅವರು ಚಮ್ಮಾರರ ಚಾಕು ಮತ್ತು ಉಪ್ಪುಕಾಗದ ಹಿಡಿದು ಕಾರ್ಕಿನಲ್ಲಿ ಮೀನು ಕೆತ್ತಿದರು. ಬೆಳ್ಳಿಯಂತೆ ಹೊಳೆಯುವ ಮೈಗೆ ಚಾಕೊಲೇಟ್ ಸುತ್ತಿಬರುವ ಬೇಗಡೆ ಅಂಟಿಸಿದರು. ನೀರು ತಡೆಯುವ ಹೊದಿಕೆಗೆ ಅಂಗಡಿಯ ವಾರ್ನಿಷ್ ಕೊಳ್ಳಲು ಹಣವಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ಬೇಡವಾದ ಛಾಯಾಚಿತ್ರದ ನೆಗೆಟಿವ್‌ಗಳನ್ನು ಕರಗಿಸಿ ಅದನ್ನೇ ಮೀನಿಗೆ ಬಳಿದರು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ನೆಗೆಟಿವ್ ಮೇಲಿನ ಚಿತ್ರ ಜೆಲಾಟಿನ್ ಪದರದಲ್ಲಿರುತ್ತದೆ. ಅದನ್ನು ಹೊತ್ತಿರುವ ಪಾರದರ್ಶಕ ಹಾಳೆ ಆ ಕಾಲದಲ್ಲಿ ಬಹುಮಟ್ಟಿಗೆ ಸೆಲ್ಯುಲೋಸ್ ನೈಟ್ರೇಟ್ ಅಥವಾ ಅಸಿಟೇಟಿನದು. ಎರಡೂ ಮೂಲದಲ್ಲಿ ಹತ್ತಿ ಇಲ್ಲವೆ ಮರದ ನಾರು. ಆಮ್ಲಗಳೊಡನೆ ವರ್ತಿಸಿದ ಮೇಲೆ ಈ ನಾರು ನೀರಿಗೆ ಒಲಿಯುವ ಗುಣವನ್ನು ಬಹುಪಾಲು ಕಳೆದುಕೊಂಡು, ತಕ್ಕ ದ್ರಾವಕದಲ್ಲಿ ಕರಗಬಲ್ಲದ್ದಾಗುತ್ತದೆ. ದ್ರಾವಕ ಆರಿಹೋದರೆ ಗಾಜಿನಂಥ ತೆಳು ಪೊರೆ ಉಳಿಯುತ್ತದೆ. 1920ರ ದಶಕದಲ್ಲಿ ಮೋಟಾರು ಕಾರುಗಳ ಮೈಗೆ ಹೊಳಪು ಕೊಟ್ಟದ್ದೂ ಇದೇ ನೈಟ್ರೇಟಿನ ಲ್ಯಾಕರ್. ಎಂದರೆ ರಾಪಲಾ ಬಡತನದಲ್ಲಿ ಹಿಡಿದ ದಾರಿ ರಸಾಯನಶಾಸ್ತ್ರದ ಕಣ್ಣಿನಲ್ಲಿ ಸರಿಯಾದ ದಾರಿಯೇ ಆಗಿತ್ತು.

ಇದೇ ನೈಟ್ರೇಟಿಗೆ ಇನ್ನೊಂದು ಮುಖವಿದೆ, ನನ್ನ ವೃತ್ತಿಯವರು ಮರೆಯಲಾರದ ಮುಖ. 1930ರ ದಶಕದ ಸಿನಿಮಾ ರೀಲುಗಳೂ ಇದರವೇ. ತನ್ನೊಳಗೇ ಆಮ್ಲಜನಕವಿರುವುದರಿಂದ ಇದಕ್ಕೆ ಬೆಂಕಿ ಹತ್ತಿದರೆ ನೀರು ಸುರಿದರೂ ಆರದು. ರೀಲು ತುಂಬಿದ ಕೋಣೆ ಎಂದರೆ ಪಾಂಡವರ ಅರಗಿನ ಮನೆಯೇ ಸರಿ. ಬೆಂಕಿ ತಾಗದಿದ್ದರೂ ವರ್ಷಗಳು ಕಳೆದಂತೆ ಅಂಟಾಗಿ, ಪುಡಿಯಾಗಿ ಹಾಳಾಗುತ್ತದೆ. ನಮ್ಮ ದೇಶದಲ್ಲಿ ಬೆಳ್ಳಿಯ ಆಸೆಗೆ ಹಳೆಯ ರೀಲುಗಳನ್ನು ಕರಗಿಸಿದ್ದೂ ಉಂಟು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮ್ಮಲ್ಲಿಲ್ಲ. ಎರಡು ವರ್ಷಗಳ ನಂತರ, ದೂರದ ಹಳ್ಳಿಯೊಂದರಲ್ಲಿ, ಅದೇ ಬಗೆಯ ಹಾಳೆಯ ಚೂರು ಕಾರ್ಕಿನ ಮೀನೊಂದನ್ನು ನೀರಿನಿಂದ ಕಾಯುತ್ತಿತ್ತು.

ಇನ್ನು ಬಣ್ಣದ ವಿಚಾರ. ನಿಜವಾದ ಮೀನಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿದರೆ ಹೊಟ್ಟೆ ನೆರಳಿನಲ್ಲಿರುತ್ತದೆ. ಎರಡೂ ಸರಿದೂಗಿ ಮೀನು ಮರೆಯಾಗುತ್ತದೆ. ಈ ಉಪಾಯವನ್ನು 1896ರಲ್ಲಿ ವಿವರಿಸಿದವರು ಅಮೆರಿಕದ ಚಿತ್ರಕಾರ ಅಬಟ್ ಥೇಯರ್. ಹುಸಿಮೀನಿಗೂ ಇದೇ ಕ್ರಮ: ಮೊದಲು ಬಿಳಿಯ ಅಸ್ತರಿ, ಮೇಲೆ ಕಡು ಬಣ್ಣದ ಬೆನ್ನು. ಕೆಂಪು ಬೆಳಕನ್ನು ನೀರು ಬೇಗ ಹೀರುವುದರಿಂದ ಕೆಲವು ಮೀಟರ್ ಆಳದಲ್ಲಿ ಕೆಂಪು ಬಣ್ಣ ಮಂಕಾಗಿ ಕಪ್ಪಾಗಿ ಕಾಣುತ್ತದೆ. ಹೀಗಿರುವಾಗ ಬೇಟೆಯ ಮೀನನ್ನು ಸೆಳೆಯುವುದರಲ್ಲಿ ಮಿನುಗಿಗೂ ನಡಿಗೆಗೂ ದೊಡ್ಡ ಪಾಲಿದೆ. ನಡಿಗೆ ಉಳಿಯಬೇಕಾದರೆ ಒಳಗೆ ನೀರು ಇಳಿಯಬಾರದು.

ಯುದ್ಧದ ನಂತರ ರಾಪಲಾ ಅವರ ಮಕ್ಕಳೂ ಕೆಲಸಕ್ಕೆ ಕೈಜೋಡಿಸಿದರು. ಕಾರ್ಕಿನ ಜಾಗಕ್ಕೆ ಬಾಲ್ಸಾ ಮರ ಬಂತು. ನೀರಿನ ಸಾಂದ್ರತೆ 1 ಎಂದುಕೊಂಡರೆ ಇದರದು ಸುಮಾರು 0.16. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಬಂದವರ ಮೂಲಕ ಈ ಮೀನುಗಳು ಹೊರದೇಶ ಕಂಡವು. 1962ರ ಆಗಸ್ಟ್‌ನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಇವುಗಳ ಬಗ್ಗೆ ಲೇಖನ ಪ್ರಕಟಿಸಿತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ನಟಿ ಮರ್ಲಿನ್ ಮನ್ರೋ ಚಿತ್ರವಿತ್ತು. ಪತ್ರಿಕೆ ಅಪಾರವಾಗಿ ಮಾರಾಟವಾಯಿತು, ಜೊತೆಗೆ ಮೀನಿಗೂ ಬೇಡಿಕೆಯ ಮಹಾಪೂರ. 1974ರಲ್ಲಿ ರಾಪಲಾ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರು ಲೋಕಪ್ರಸಿದ್ಧವಾಗಿತ್ತು.

ಮರಕ್ಕೆ ಹೊದಿಕೆ ಕೊಡುವ ಜಾಣ್ಮೆ ನಮ್ಮಲ್ಲೂ ಇದೆ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಆಲೆ ಮರದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಬಣ್ಣ, ಹೊದಿಕೆ ಎರಡೂ ಒಂದೇ ಸಲಕ್ಕೆ ಮೂಡುತ್ತವೆ. ಮಗುವಿನ ಕೈಗೆ ಅದು ಸಾಕು. ಆದರೆ ದಿನವಿಡೀ ನೀರಿನಲ್ಲಿರುವ ವಸ್ತುವಿಗೆ ಅರಗು ಸಾಲದು, ಬೆಳ್ಳಗಾಗಿಬಿಡುತ್ತದೆ. ಯಾವ ಕೆಲಸಕ್ಕೆ ಯಾವ ಹೊದಿಕೆ ಎಂಬುದನ್ನು ಬಳಕೆಯೇ ತೀರ್ಮಾನಿಸುತ್ತದೆ. ಇಂದು ಹವ್ಯಾಸಿಗಳು ಹುಸಿಮೀನಿಗೆ ಹೆಚ್ಚಾಗಿ ಎಪಾಕ್ಸಿ ಬಳಸುತ್ತಾರೆ.

ನೀವೂ ಪರೀಕ್ಷಿಸಿ ನೋಡಬಹುದು. ಹಗುರ ಮರದ ಸಮಾನ ಅಳತೆಯ ಮೂರು ತುಂಡು ತೆಗೆದುಕೊಳ್ಳಿ. ಒಂದು ಬರಿಯ ಮರವಾಗಿರಲಿ, ಒಂದಕ್ಕೆ ಬಣ್ಣ ಮಾತ್ರ, ಇನ್ನೊಂದಕ್ಕೆ ಬಣ್ಣದ ಮೇಲೆ ವಾರ್ನಿಷ್. ಒಣಗಿದ ಮೇಲೆ ತೂಗಿ, ನೀರಿನಲ್ಲಿಡಿ. ಮೂರು ದಿನ, ದಿನಕ್ಕೊಮ್ಮೆ ಒರೆಸಿ ತೂಗಿ ಬರೆದಿಡಿ. ಹಳೆಯ ನೆಗೆಟಿವ್‌ಗಳನ್ನು ಕರಗಿಸುವ ಸಾಹಸ ಮಾತ್ರ ಬೇಡ. ಅವು ಬೆಂಕಿಗೆ ಹತ್ತಿರದ ನೆಂಟರು. ಅಲ್ಲದೆ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ನೆಗೆಟಿವ್‌ನಲ್ಲಿ ಅಜ್ಜಿಯ ಮದುವೆಯ ಚಿತ್ರವೇ ಇದ್ದೀತು.