ಗಾಲಿ ಗಟ್ಟಿಯಾಗುವ ಮೊದಲು

ಸಹಕಾರನಗರದಲ್ಲಿ ಅಕ್ಕನ ಮನೆ. ಸುದ್ದಿ ಕೆಲಸಕ್ಕೆ ಬೆಂಗಳೂರಿಗೆ ಬಂದಾಗಲೆಲ್ಲ ನಾನು ಉಳಿಯೋದು ಅಲ್ಲೇ. ವಾಪಸ್ ಹೊರಡಲು ಕೊಡಿಗೇಹಳ್ಳಿ ಸ್ಟೇಷನ್ನಿಗೆ ಬಂದು ನಿಂತರೆ ಒಂದಲ್ಲ ಒಂದು ಗೂಡ್ಸ್ ಗಾಡಿ ಎದುರಿಗೆ ಹೋಗುತ್ತೆ. ಒಮ್ಮೆ ಅಪ್ಪನೂ ಜೊತೆಗಿದ್ದರು. ಹಿಂದೆ ದೊಡ್ಡ ಸ್ಟೇಷನ್‌ಗಳಲ್ಲಿ ರೈಲು ನಿಂತ ಕೂಡಲೇ ಒಬ್ಬ ಸುತ್ತಿಗೆ ಹಿಡಿದು ಪ್ರತಿ ಗಾಲಿಯನ್ನೂ ಟಣ್ ಟಣ್ ಅಂತ ತಟ್ಟುತ್ತಾ ಹೋಗುತ್ತಿದ್ದನ್ನು ನೆನೆಸಿಕೊಂಡರು. ಯಾಕೆ ತಟ್ಟುತ್ತಿದ್ದರು ಅಂತ ಕೇಳಿದೆ.

"ಸಂತೇಲಿ ಮಡಕೆ ತಟ್ಟಿ ತಗೊಳ್ಳಲ್ವೇನೋ, ಹಂಗೆ" ಅಂದರು.

ಸರಿಯಾದ ಮಾತೇ. ಗಟ್ಟಿ ಗಾಲಿ ಗಂಟೆ ಹಾಗೆ ದನಿ ಕೊಡುತ್ತೆ, ಬಿರುಕು ಬಿಟ್ಟದ್ದು ಒಡಕು ದನಿ. ಆದರೆ ಮಡಕೆ ತಟ್ಟೋದು ಕುಂಬಾರನ ಆವಿಗೆ ಆರಿದ ಮೇಲೆ. ಅಷ್ಟು ಹೊತ್ತಿಗೆ ಮಣ್ಣು, ಸೌದೆ, ದಿನದ ಕೂಲಿ ಎಲ್ಲಾ ಖರ್ಚಾಗಿರುತ್ತೆ. ಮಡಕೆ ಒಡೆದರೆ ನೀರು ಚೆಲ್ಲುತ್ತೆ ಅಷ್ಟೇ. ಗಾಲಿ ಒಡೆದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಹಾಗಾದರೆ ಗಾಲಿ ಇನ್ನೂ ನೀರಿನಂತೆ ಕುದಿಯುತ್ತಿರುವಾಗಲೇ ಅದರ ಗುಣ ತಿಳಿಯೋಕೆ ಆಗುತ್ತಾ? ಉತ್ತರ ಕೊಡಿಗೇಹಳ್ಳಿಯಿಂದ ಒಂದೇ ಸ್ಟೇಷನ್ ಆಚೆ, ಯಲಹಂಕದಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈಗ ಕಾರ್ಖಾನೆಯವರು 'ರಿಯಲ್ ಟೈಮ್ ಡೇಟಾ' ಅನ್ನುತ್ತಾರಲ್ಲ, ಅದು ಮಂಡ್ಯ ಕಡೆಯ ಆಲೆಮನೆಗೆ ಹೊಸದೇನಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಗಟ್ಟಿಯಾಗುವಾಗ ಪಾಕ ನೋಡುವವರು ಒಂದು ತೊಟ್ಟು ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಪಾಕ ಎಳೆಯದಾದರೆ ಬೆಲ್ಲ ಮಳೆಗಾಲಕ್ಕೆ ನೀರು ಬಿಡುತ್ತೆ, ಮೀರಿದರೆ ಕಪ್ಪಾಗುತ್ತೆ. ಅಚ್ಚಿಗೆ ಹಾಕಿದ ಮೇಲೆ ತಿಳಿದು ಏನೂ ಪ್ರಯೋಜನವಿಲ್ಲ. ಆ ಬೆರಳಿಗೆ ಸಿಕ್ಕಿದ ಸುದ್ದಿ ಆ ಕ್ಷಣವೇ ಒಲೆಯ ಉರಿಗೆ ತಲುಪುತ್ತೆ.

ಉಕ್ಕಿನಲ್ಲಿ ಹೀಗೆ ಬೆರಳು ಹಾಕೋಕೆ ಆಗಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಬ್ಬಿಣ, ಉಕ್ಕಿನ ಕುಲುಮೆಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ನಮ್ಮ ಹಳೆಯ ಉಕ್ಕು ತಯಾರಾಗುತ್ತಿದ್ದದ್ದು ಮಣ್ಣಿನ ಮೂಸೆಯಲ್ಲಿ. ಕಬ್ಬಿಣದ ತುಂಡು, ಕಟ್ಟಿಗೆ ಅಥವಾ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಬೆಂಕಿಗೆ ಇಡುತ್ತಿದ್ದರು. ಒಳಗೆ ಏನಾಗಿದೆ ಅಂತ ಗೊತ್ತಾಗುತ್ತಿದ್ದದ್ದು ಮೂಸೆ ಒಡೆದ ಮೇಲೆ. ಲೋಕವೇ ಹುಡುಕಿಕೊಂಡು ಬರುತ್ತಿದ್ದ ಉಕ್ಕು ಅದು. ಆದರೂ ಮಾಡುವವನಿಗೆ ಸುದ್ದಿ ಸಿಗುತ್ತಿದ್ದದ್ದು ಕೊನೆಯಲ್ಲಿ.

ಕಾರ್ಖಾನೆಗಳು ಬಂದ ಮೇಲೂ ಬಹುಕಾಲ ಇದೇ ಕಥೆ. ಸಾವಿರ ತುಂಡು ಮಾಡು, ಕೊನೆಯಲ್ಲಿ ಒಬ್ಬ ಕೂತು ಕೆಟ್ಟದ್ದನ್ನು ಆರಿಸಿ ಬಿಸಾಡಲಿ. ಇದನ್ನು ಬದಲಿಸಿದ ಎರಡು ಕೆಲಸಗಳು ಒಂದೇ ವರ್ಷ, 1924ರಲ್ಲಿ ಆದವು. ಜಪಾನಿನಲ್ಲಿ ಸಕಿಚಿ ಟೊಯೊಡ ತನ್ನ ಸ್ವಯಂಚಾಲಿತ ಮಗ್ಗ ಸಿದ್ಧಮಾಡಿದ. ದಾರ ಕಡಿದರೆ ಅದು ತಾನೇ ನಿಲ್ಲುತ್ತಿತ್ತು. ದೊಡ್ಡಬಳ್ಳಾಪುರ, ಯಲಹಂಕದ ಮಗ್ಗದವರಿಗೆ ಇದರ ಬೆಲೆ ನಾನು ಹೇಳಬೇಕಿಲ್ಲ. ಕಡಿದ ಎಳೆ ಕಾಣದೆ ಹೋದರೆ ಸೀರೆ ಉದ್ದಕ್ಕೂ ಗೆರೆ.

ಇನ್ನೊಂದು ಕೆಲಸ ಅಮೆರಿಕದ ಟೆಲಿಫೋನ್ ಸಾಮಾನು ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ. ಅಲ್ಲಿದ್ದ ವಾಲ್ಟರ್ ಶ್ಯೂಹಾರ್ಟ್ 1924ರ ಮೇ ತಿಂಗಳಲ್ಲಿ ಮೇಲಿನವರಿಗೆ ಒಂದು ಚಿಕ್ಕ ಟಿಪ್ಪಣಿ ಕಳಿಸಿದರು, ಅದರಲ್ಲಿ ಒಂದು ಚಿತ್ರ. ಅದೇ ಕಂಟ್ರೋಲ್ ಚಾರ್ಟ್. ವಿಷಯ ಸರಳ. ಅಮ್ಮ ಕಟ್ಟುವ ಎರಡು ಮುದ್ದೆ ಯಾವತ್ತೂ ಒಂದೇ ತೂಕ ಇರಲ್ಲ. ಅದು ತಪ್ಪಲ್ಲ, ಸಹಜ ಏರುಪೇರು. ಆ ಏರುಪೇರಿಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ ಹಾಕಿ, ಆಗಾಗ ಅಳೆದು ಚುಕ್ಕಿ ಇಡುತ್ತಾ ಹೋಗಬೇಕು. ಗೆರೆಯ ಒಳಗೆ ಚುಕ್ಕಿ ಕುಣಿದರೆ ಯಂತ್ರ ಮುಟ್ಟಬೇಡಿ. ಗೆರೆ ದಾಟಿದರೆ, ಇಲ್ಲವೇ ಸಾಲಾಗಿ ಒಂದೇ ದಿಕ್ಕಿಗೆ ಹತ್ತುತ್ತಾ ಹೋದರೆ, ಏನೋ ಕೆಟ್ಟಿದೆ, ನಿಲ್ಲಿಸಿ ನೋಡಿ. ಮಾಲು ಕೆಡುವ ಮುಂಚೆಯೇ ಎಚ್ಚರ.

ಪಿ.ಸಿ. ಮಹಾಲನೋಬಿಸ್ ಆಹ್ವಾನದ ಮೇಲೆ ಶ್ಯೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಆಮೇಲೆ 1950ರ ದಶಕದಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಾರ್ಖಾನೆಗಳಿಗೆ ಈ ವಿದ್ಯೆ ಕಲಿಸುವ ಘಟಕಗಳನ್ನು ತೆರೆಯಿತು, ಬೆಂಗಳೂರಿನಲ್ಲೂ ಒಂದು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಗಿತ್ತು, ಕೂದಲೆಳೆಗಿಂತ ಸಣ್ಣ ಅಳತೆಯ ಕೆಲಸಕ್ಕೆ ಈ ಊರು ಕೈ ಪಳಗಿಸಿಕೊಳ್ಳುತ್ತಿದ್ದ ಕಾಲ.

ಆ ಚಾರ್ಟನ್ನು ನಾನೂ ಬರೆದಿದ್ದೇನೆ. ಡಿಪ್ಲೊಮಾ ಮುಗಿದು ಕೆಲಸ ಸಿಗದಿದ್ದಾಗ ನಗರದ ಉತ್ತರದ ಒಂದು ಸಣ್ಣ ಶೆಡ್‌ನಲ್ಲಿ ಎಂಟು ತಿಂಗಳು ಇದ್ದೆ. ಗಂಟೆಗೊಮ್ಮೆ ಐದು ಪೀಸ್ ಅಳೆದು ಹಾಳೆಯಲ್ಲಿ ಬರೆಯಬೇಕು. ಅಳೆಯೋಕೆ ನಿಂತರೆ ದಿನದ ಲೆಕ್ಕ ಕಮ್ಮಿಯಾಗುತ್ತೆ, ಕಮ್ಮಿಯಾದರೆ ಬೈಗುಳ. ಹಾಗಾಗಿ ಶಿಫ್ಟ್ ಮುಗಿಯುವ ಹತ್ತು ನಿಮಿಷ ಮುಂಚೆ ಕೂತು ಎಂಟು ಗಂಟೆಯ ಅಂಕಿಯನ್ನೂ ಒಟ್ಟಿಗೆ ತುಂಬುತ್ತಿದ್ದೆವು. ನೋಡೋಕೆ ಬಹಳ ಚೆಂದದ ಚಾರ್ಟ್, ಒಂದು ಚುಕ್ಕಿಯೂ ಗೆರೆ ದಾಟಿರಲಿಲ್ಲ. ಒಂದು ಸಲ ಮೂರು ದಿನದ ಮಾಲು ಪೂರ್ತಿ ವಾಪಸ್ ಬಂತು. ಆ ಮೂರು ದಿನದ ಹಾಳೆ ತೆಗೆದು ನೋಡಿದರೆ ಎಲ್ಲಾ ಸರಿಯಾಗೇ ಇತ್ತು! ನಮ್ಮ ತಪ್ಪು ಇಲ್ಲ ಅನ್ನಲ್ಲ. ಆದರೆ ಅಳೆಯೋಕೆ ಸಮಯ ಕೊಡದೆ ಅಂಕಿ ಮಾತ್ರ ಕೇಳಿದರೆ ಜನ ಅಂಕಿಯನ್ನು ಮಾತ್ರ ಕೊಡುತ್ತಾರೆ. ಎಷ್ಟೋ ರಿಜಿಸ್ಟರ್‌ಗಳ ಕಥೆ ಇದೇ ಅಂತ ಸುದ್ದಿ ಕೆಲಸಕ್ಕೆ ಬಂದ ಮೇಲೆ ತಿಳಿಯಿತು.

ಈಗ ಯಲಹಂಕ. 1970ರ ದಶಕದಲ್ಲಿ ನಮ್ಮ ರೈಲ್ವೆ ಗಾಲಿ, ಅಚ್ಚುಗಳ ದೊಡ್ಡ ಪಾಲನ್ನು ಹೊರದೇಶದಿಂದ ತರಿಸುತ್ತಿತ್ತು. ಇಲ್ಲಿನ ಉಕ್ಕಿನ ಕಾರ್ಖಾನೆಗಳು ಕೊಡುತ್ತಿದ್ದದ್ದು ಸಾಲುತ್ತಿರಲಿಲ್ಲ. ರೈಲ್ವೆಯೇ ಒಂದು ಕಾರ್ಖಾನೆ ಕಟ್ಟಿತು. 1984ರ ಸೆಪ್ಟೆಂಬರ್ 15ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಆಗ ಹೆಸರು ವೀಲ್ ಅಂಡ್ ಆಕ್ಸಲ್ ಪ್ಲಾಂಟ್. 2003ರಲ್ಲಿ ರೈಲ್ ವೀಲ್ ಫ್ಯಾಕ್ಟರಿ ಆಯಿತು.

ಇಲ್ಲಿ ಕಚ್ಚಾಮಾಲು ಗುಜರಿ. ಸವೆದ ಗಾಲಿ, ಹಳೆಯ ಅಚ್ಚು, ಇಂಥವು. ವಿದ್ಯುತ್ ಕುಲುಮೆಯಲ್ಲಿ 1600 ಡಿಗ್ರಿಗೂ ಮೇಲೆ ಕರಗಿಸುತ್ತಾರೆ. ಕಷ್ಟ ಇರೋದೇ ಇಲ್ಲಿ. ಗುಜರಿಯಲ್ಲಿ ಇವತ್ತು ಏನು ಬಂದಿದೆಯೋ ಪೂರ್ತಿ ಗೊತ್ತಿರಲ್ಲ. ಗಾಲಿಯ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಹೆಚ್ಚುಕಮ್ಮಿ ಅರ್ಧ ಭಾಗದ ಆಸುಪಾಸು ಇರಬೇಕು. ಜಾಸ್ತಿಯಾದರೆ ಪೆಡಸಾಗಿ ಬಿರಿಯುತ್ತೆ, ಕಮ್ಮಿಯಾದರೆ ಬೇಗ ಸವೆಯುತ್ತೆ. ಗಂಧಕ, ರಂಜಕ ಹೆಚ್ಚು ಉಳಿದರೂ ಅಪಾಯ. ಅದಕ್ಕೆ ಕುದಿಯುವ ಉಕ್ಕಿನಿಂದ ಒಂದು ಚೂರು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಓಡಿಸುತ್ತಾರೆ. ಅಲ್ಲಿ ಸ್ಪೆಕ್ಟ್ರೋಮೀಟರ್ ಅದರ ಮೇಲೆ ಕಿಡಿ ಹಾರಿಸುತ್ತೆ. ಒಂದೊಂದು ಧಾತು ಉರಿದಾಗ ಅದರದ್ದೇ ಬಣ್ಣದ ಬೆಳಕು ಬರುತ್ತೆ, ಆ ಬೆಳಕನ್ನು ಬಿಡಿಸಿ ಯಾವುದು ಎಷ್ಟಿದೆ ಅಂತ ನಿಮಿಷಗಳಲ್ಲಿ ಹೇಳುತ್ತೆ. ಹಿಂದೆ ಇದೇ ಪರೀಕ್ಷೆಯನ್ನು ಆಮ್ಲದಲ್ಲಿ ಕರಗಿಸಿ ಮಾಡಲು ಗಂಟೆಗಟ್ಟಲೆ ಬೇಕಿತ್ತು. ಅಷ್ಟು ಹೊತ್ತು ಕುಲುಮೆ ಕಾಯಲ್ಲ. ಫಲಿತಾಂಶ ಬಂದಾಗ ಉಕ್ಕು ಇನ್ನೂ ಕುದಿಯುತ್ತಲೇ ಇರುತ್ತೆ, ಕಮ್ಮಿ ಇದ್ದದ್ದನ್ನು ಸೇರಿಸಬಹುದು. ಆಲೆಮನೆಯ ತಣ್ಣೀರಿನ ಬಟ್ಟಲೇ ಇದು, ಬೆರಳು ಮಾತ್ರ ಬೇರೆ.

ಎರೆಯುವ ಕ್ರಮವೂ ವಿಶೇಷ. ಅಮೆರಿಕದ ಗ್ರಿಫಿನ್ ಕಂಪನಿಯ ತಂತ್ರ. ನಾವು ಸೌಟಿನಿಂದ ಹಿಟ್ಟು ಹುಯ್ದ ಹಾಗೆ ಮೇಲಿಂದ ಹುಯ್ಯಲ್ಲ. ಕರಗಿದ ಉಕ್ಕಿನ ಪಾತ್ರೆಯನ್ನು ಗುಂಡಿಯೊಳಗೆ ಇಳಿಸಿ ಗಾಳಿಯಾಡದಂತೆ ಮುಚ್ಚುತ್ತಾರೆ. ಮುಚ್ಚಳದಿಂದ ಒಂದು ಪಿಂಗಾಣಿ ಕೊಳವೆ ಉಕ್ಕಿನೊಳಗೆ ಇಳಿದಿರುತ್ತೆ, ಅದರ ಮೇಲೆ ಗ್ರ್ಯಾಫೈಟ್ ಅಚ್ಚು ಕೂರುತ್ತೆ. ಒಳಗೆ ಗಾಳಿಯ ಒತ್ತಡ ಕೊಟ್ಟರೆ ಉಕ್ಕು ಕೊಳವೆಯಲ್ಲಿ ಮೇಲೇರಿ ಅಚ್ಚು ತುಂಬುತ್ತೆ. ಕಿಟ್ಟ ಮೇಲೆ ತೇಲುವುದರಿಂದ ಅದು ಗಾಲಿಗೆ ಸೇರಲ್ಲ. ಆದರೆ ಒತ್ತಡ ಬೇಗ ಏರಿದರೆ ಗಾಳಿ ಸಿಕ್ಕಿಕೊಳ್ಳುತ್ತೆ, ನಿಧಾನವಾದರೆ ಅಚ್ಚು ತುಂಬುವ ಮುಂಚೆಯೇ ಗಟ್ಟಿಯಾಗುತ್ತೆ. ಪಾತ್ರೆಯಲ್ಲಿ ಉಕ್ಕು ತಣ್ಣಗಾಗುತ್ತಲೇ ಇರುತ್ತೆ. ಹಾಗಾಗಿ ಬಿಸಿ, ಒತ್ತಡ, ಸಮಯ ಮೂರನ್ನೂ ಆ ಹೊತ್ತಲ್ಲೇ ನೋಡುತ್ತಿರಬೇಕು. ಒಂದು ಪಾತ್ರೆಯಿಂದ ಹಲವು ಗಾಲಿ ಏಳುತ್ತವೆ, ಎಡವಿದರೆ ನಷ್ಟ ಒಂದಕ್ಕೇ ನಿಲ್ಲಲ್ಲ.

ಕೊನೆಗೆ ಗಾಲಿಯ ಅಂಚಿಗೆ ನೀರು ಚಿಮ್ಮಿಸಿ ಬೇಗ ತಣಿಸುತ್ತಾರೆ. ಇದರಿಂದ ಅಂಚು ಒಳಕ್ಕೆ ಬಿಗಿದುಕೊಂಡು ಬಿರುಕು ಬಾಯಿ ಬಿಡೋದು ಕಷ್ಟವಾಗುತ್ತೆ. ಆಮೇಲೆ ಶಬ್ದದ ಅಲೆ ಹಾಯಿಸಿ ಒಳಗಿನ ಬಿರುಕು ಹುಡುಕುತ್ತಾರೆ. ಸುತ್ತಿಗೆಯವನ ಕಿವಿಗೆ ಕೇಳದ ದನಿ ಅದು. ಅಂದರೆ ಕೊನೆಯ ಪರೀಕ್ಷೆ ಹೋಗಿಲ್ಲ. ಅದಕ್ಕೆ ಸಿಕ್ಕಿಬೀಳುವ ಗಾಲಿಗಳು ಕಮ್ಮಿಯಾಗಲಿ ಅಂತಲೇ ಮೊದಲಿನ ಅಳತೆಗಳೆಲ್ಲ.

ಅಳತೆ ಈಗ ಹಳಿಗೂ ಬಂದಿದೆ. ರೈಲ್ವೆ ಕೆಲವು ಕಡೆ ಹಳಿಗೆ ಸೆನ್ಸರ್ ಕೂರಿಸಿದೆ. ಗಾಡಿ ಓಡುತ್ತಿರುವಾಗಲೇ ಯಾವ ಗಾಲಿ ಹಳಿಗೆ ಜೋರಾಗಿ ಬಡಿಯುತ್ತಿದೆ ಅಂತ ಅದು ಹೇಳುತ್ತೆ. ಇತ್ತ ಸಣ್ಣ ಶೆಡ್‌ಗಳಿಗೂ ಯಂತ್ರದ ಬಿಸಿ, ನಡುಕ ಅಳೆದು ಫೋನಿಗೆ ಕಳಿಸುವ ಸಾಧನಗಳು ಬಂದಿವೆ. ಅಂಕಿಯನ್ನು ಯಂತ್ರವೇ ಬರೆದುಕೊಳ್ಳೋದರಿಂದ ನಮ್ಮ ಹಾಗೆ ಕೊನೆಗೆ ಕೂತು ತುಂಬೋಕಾಗಲ್ಲ. ಆದರೆ ಆ ಸಂದೇಶ ಯಾರ ಫೋನಿಗೆ ಹೋಗುತ್ತೆ ಅಂತ ನಾನು ಹೋದಲ್ಲೆಲ್ಲ ಕೇಳುತ್ತೇನೆ. ಬಿಡದಿಯ ಟೊಯೊಟ ಕಾರ್ಖಾನೆಯ ಮೂಲ ಆ ಮಗ್ಗದ ಮನೆತನವೇ. ತಪ್ಪು ಕಂಡರೆ ಕೆಲಸಗಾರನೇ ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದು ಅನ್ನೋದು ಆ ಕಂಪನಿ ಜಗತ್ತಿಗೆ ಕಲಿಸಿದ ಕ್ರಮ. ಯಂತ್ರದ ಮುಂದೆ ನಿಂತವನಿಗೆ ಸುದ್ದಿ ಸಿಗದೆ, ಮೇಲಿನ ಆಫೀಸಿನವರಿಗೆ ಮಾತ್ರ ಸಿಕ್ಕರೆ, ಅಂಕಿ ಅಲ್ಲಿಂದ ಬೈಗುಳವಾಗಿಯೇ ಕೆಳಗಿಳಿಯುತ್ತೆ.

ಕಳೆದ ಸಲ ಕೊಡಿಗೇಹಳ್ಳಿಯಲ್ಲಿ ಗೂಡ್ಸ್ ಗಾಡಿಯೊಂದು ಸಿಗ್ನಲ್‌ಗೆ ನಿಂತಿತ್ತು. ಪ್ರತಿ ಗಾಲಿಯ ಮೇಲೂ ಒಂದು ಸಂಖ್ಯೆ ಒತ್ತಿರುತ್ತಾರೆ. ಅದನ್ನು ಹಿಡಿದು ಹೋದರೆ ಯಾವ ಕಾರ್ಖಾನೆ, ಯಾವ ಕುಲುಮೆಯ ಉಕ್ಕು ಅಂತ ತಲುಪಬಹುದು. ಪ್ಲಾಟ್‌ಫಾರಂ ಅಂಚಿನಿಂದ ಬಗ್ಗಿ ಓದೋಕೆ ನೋಡಿದೆ. ಧೂಳು, ಗ್ರೀಸ್ ಮೆತ್ತಿಕೊಂಡಿತ್ತು. ಮೊದಲ ಎರಡು ಅಂಕಿ ಕಾಣುವಷ್ಟರಲ್ಲಿ ಗಾಡಿ ಹೊರಟಿತು, ಯಲಹಂಕದ ಕಡೆಗೆ.