ಆಟದ ರಿಮೋಟಿನೊಳಗಿನ ಚಿಪ್ಪು ಆಕಾಶಕ್ಕೇರಿದ ಕಥೆ

ಮದುವೆ, ಜಾತ್ರೆಗಳಲ್ಲಿ ತಲೆಯ ಮೇಲೆ ನಿಂತು ವಿಡಿಯೊ ತೆಗೆಯುವ ಡ್ರೋನ್ ನೀವು ನೋಡಿಯೇ ಇರುತ್ತೀರಿ. ರಿಮೋಟ್ ಮುಟ್ಟದಿದ್ದರೂ ಅದು ಇದ್ದಲ್ಲೇ ನಿಂತಿರುತ್ತದೆ. ಎಫ್‌ಪಿವಿ ಡ್ರೋನ್ ಹಾಗಲ್ಲ. ಹಾರಿಸುವವರು ಕಣ್ಣಿಗೆ ಕನ್ನಡಕದಂಥ ಪರದೆ ಕಟ್ಟಿಕೊಂಡು, ಡ್ರೋನಿನ ಮೂತಿಯ ಕ್ಯಾಮೆರಾ ಕಂಡದ್ದನ್ನೇ ಕಾಣುತ್ತಾ, ಒಳಗೇ ಕೂತವರಂತೆ ಓಡಿಸುತ್ತಾರೆ. ಕೈ ತಪ್ಪಿದರೆ ನೆಲಕ್ಕೆ.

ಇದರ ಹುಟ್ಟು ಮಕ್ಕಳ ಆಟದ ಸಾಮಾನಿನಲ್ಲಿದೆ. ನಾಲ್ಕು ಮೋಟರುಗಳನ್ನು ಸಮತೋಲದಲ್ಲಿಡುವುದು ಮನುಷ್ಯನ ಕೈಯಿಂದ ಆಗದ ಕೆಲಸ. ಎಷ್ಟು ವಾಲಿತು, ಎತ್ತ ತಿರುಗಿತು ಎಂದು ಸೆಕೆಂಡಿಗೆ ನೂರಾರು ಸಲ ಅಳೆಯಲು ಜೈರೋಸ್ಕೋಪ್ ಬೇಕು. ಜಪಾನಿನ ನಿಂಟೆಂಡೊ ಕಂಪನಿ 2009ರಲ್ಲಿ ತನ್ನ ವೀ ಎಂಬ ವಿಡಿಯೊ ಗೇಮಿನ ರಿಮೋಟಿಗೆ ಸಿಕ್ಕಿಸುವ ಸಣ್ಣ ಡಬ್ಬಿಯೊಂದನ್ನು ಮಾರಿತು. ಅದರೊಳಗೆ ಬೇಕಾದ ಜೈರೋ ಇತ್ತು, ಅದೂ ಅಗ್ಗಕ್ಕೆ. ಹವ್ಯಾಸಿಗಳು ಡಬ್ಬಿ ಬಿಚ್ಚಿ, ಚಿಪ್ಪು ಕಿತ್ತು, ಆರ್ಡುಯಿನೊ ಬೋರ್ಡಿಗೆ ತಂತಿ ಬೆಸೆದರು. ಫ್ರಾನ್ಸಿನ ಅಲೆಕ್ಸಾಂಡ್ರೆ ದ್ಯುಬ್ಯು 2010ರ ಹೊತ್ತಿಗೆ ಇದಕ್ಕೆ ಬರೆದ ಪ್ರೋಗ್ರಾಮಿನ ಹೆಸರೇ ಮಲ್ಟಿವೀ. ಅದನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರು. ತಿದ್ದಿ ಹಂಚುವವರು ತಾವು ತಿದ್ದಿದ್ದನ್ನೂ ತೆರೆದಿಡಬೇಕು ಎಂಬುದು ಪರವಾನಗಿಯ ಷರತ್ತು.

ಮಲ್ಟಿವೀಯಿಂದ ಬೇಸ್‌ಫ್ಲೈಟ್, ಅದರಿಂದ ಕ್ಲೀನ್‌ಫ್ಲೈಟ್, ಅದರಿಂದ ಬೀಟಾಫ್ಲೈಟ್. ಒಬ್ಬರ ಮಜ್ಜಿಗೆಗೆ ಇನ್ನೊಬ್ಬರ ಹೆಪ್ಪು. ಇಂದಿಗೂ ಹೆಚ್ಚಿನ ಎಫ್‌ಪಿವಿ ಡ್ರೋನುಗಳ ತಲೆಯಲ್ಲಿರುವುದು ಈ ಸಾಲಿನದೇ ಪ್ರೋಗ್ರಾಮು.

ಕ್ಯಾಮೆರಾದ ವಿಷಯದಲ್ಲೂ ಹಾಗೇ. ಸಿಸಿಟಿವಿಯ ಪುಟ್ಟ ಕ್ಯಾಮೆರಾ, ಹಳೆಯ ಟಿವಿ ಮಾದರಿಯ ಸಿಗ್ನಲ್. ಚಿತ್ರ ನಮ್ಮ ಹಳೇ ದೂರದರ್ಶನದಂತೆ ಚುಕ್ಕಿಚುಕ್ಕಿ. ಆದರೂ ಅದೇ ಬೇಕಿತ್ತು, ಏಕೆಂದರೆ ತಡವಾಗುತ್ತಿರಲಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಿತ್ರ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಡ್ರೋನ್ ಅಷ್ಟರಲ್ಲಿ ಸುಮಾರು ಮೂರು ಮೀಟರ್ ಮುಂದಿರುತ್ತದೆ. ಮರ ಕಾಣುವ ಮೊದಲೇ ಮರಕ್ಕೆ ಬಡಿದಿರುತ್ತದೆ!

2014ರಲ್ಲಿ ಫ್ರಾನ್ಸಿನ ಅರ್ಗೊನೇ ಬಳಿಯ ಕಾಡಿನಲ್ಲಿ ಗೆಳೆಯರು ಮರಗಳ ನಡುವೆ ರೇಸ್ ಆಡಿದ ವಿಡಿಯೊ ಲೋಕವೆಲ್ಲ ಸುತ್ತಿತು. 2016ರ ಮಾರ್ಚಿನಲ್ಲಿ ದುಬೈಯ ರೇಸ್‌ನಲ್ಲಿ 15 ವರ್ಷದ ಬ್ರಿಟಿಷ್ ಹುಡುಗ ಲ್ಯೂಕ್ ಬ್ಯಾನಿಸ್ಟರ್‌ನ ತಂಡ ಎರಡೂವರೆ ಲಕ್ಷ ಡಾಲರ್ ಗೆದ್ದಿತು. ನಮ್ಮಲ್ಲಿ 2021ರಲ್ಲಿ ಡ್ರೋನ್ ನಿಯಮಗಳು ಬಂದವು. 2022ರಲ್ಲಿ ವಿದೇಶಿ ಡ್ರೋನ್ ಆಮದು ನಿಂತಿತು, ಬಿಡಿಭಾಗಗಳಿಗೆ ಮಾತ್ರ ಅಡ್ಡಿಯಿಲ್ಲ. ಜೋಡಿಸಿಕೊಳ್ಳುವ ಹವ್ಯಾಸ ಹಾಗೆ ಉಳಿದುಕೊಂಡಿತು.

ಅದೇ 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಯುದ್ಧಕ್ಕಿಳಿಯಿತು. ರೇಸಿನ ಚೌಕಟ್ಟು, ರೇಸಿನ ಮೋಟರು, ಪುಕ್ಕಟೆ ಸಿಕ್ಕುವ ಅದೇ ಬೀಟಾಫ್ಲೈಟ್. ಜೊತೆಗೆ ಸ್ಫೋಟಕ. ಕೆಲವು ನೂರು ಡಾಲರಿನ ಡ್ರೋನು ಕೋಟಿಗಟ್ಟಲೆ ಬೆಲೆಯ ಟ್ಯಾಂಕನ್ನು ಸುಡತೊಡಗಿತು, ಅಡಗಿದ ಸೈನಿಕನನ್ನೂ ಹುಡುಕಿ ಹೋಗತೊಡಗಿತು. ಎರಡೂ ಕಡೆಯವರ ಕೈಯಲ್ಲೂ ಅದೇ ಡ್ರೋನು. ಬರೆದವರು ತಡೆಯುವಂತಿಲ್ಲ: ಯಾರು ಯಾವ ಕೆಲಸಕ್ಕಾದರೂ ಬಳಸಬಹುದು ಎಂಬುದೇ ಮುಕ್ತ ಪರವಾನಗಿಯ ಮೂಲ. ಇದನ್ನು ಬರೆದವರ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಆಟವೆಂದು ಮಾತ್ರ ಇನ್ನು ಕರೆಯಲಾಗದು.

ರೇಡಿಯೊ ಸಿಗ್ನಲನ್ನು ಶತ್ರು ಕೆಡಿಸುತ್ತಾನೆಂದು ಈಗ ಕೆಲವು ಡ್ರೋನುಗಳು ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ಹಿಂದೆ ಬಿಡುತ್ತಾ ಹಲವು ಕಿಲೋಮೀಟರ್ ಹಾರುತ್ತವೆ. ಉಕ್ರೇನಿನ ಪೂರ್ವದ ಹೊಲಗಳಲ್ಲಿ ಆ ಎಳೆಗಳು ಜೇಡರ ಬಲೆಯಂತೆ ಹರಡಿಕೊಂಡು ಬಿದ್ದಿವೆ.