ಕಲ್ಲಚ್ಚು ಮತ್ತು ಸೀಸದ ಮೊಳೆ: ಹೈದರಾಬಾದ್ ಸಂಸ್ಥಾನದ ಪತ್ರಿಕೆಗಳು

ಉರ್ದುವಿನ ‘ಸನಅತ್’ ಎಂಬ ಪದಕ್ಕೆ ಕೈಗಾರಿಕೆ ಎಂಬ ಅರ್ಥವೂ ಕೈಕುಶಲ ಎಂಬ ಅರ್ಥವೂ ಇವೆ. ಹೈದರಾಬಾದಿನ ಸನತ್‌ನಗರದ ಹೆಸರಿನಲ್ಲಿರುವುದು ಈ ಪದವೇ. 1942ರಲ್ಲಿ ಸ್ಥಾಪನೆಯಾದ ಆಲ್ವಿನ್ ಕಾರ್ಖಾನೆಯ ಮೂಲಕ ಹೆಸರಾದ ಈ ಪ್ರದೇಶದಲ್ಲಿ ಪದದ ಮೊದಲ ಅರ್ಥವೇ ಎದ್ದು ಕಾಣುತ್ತದೆಯಾದರೂ, ಅದೇ ಊರಿನ ಪತ್ರಿಕಾ ಮುದ್ರಣದ ಚರಿತ್ರೆಯಲ್ಲಿ ಎರಡೂ ಅರ್ಥಗಳು ಬಹುಕಾಲ ಜೊತೆಯಾಗಿ ನಡೆದವು. ಅಲ್ಲಿ ಯಂತ್ರ ಬಂದ ಮೇಲೂ ಕೈಬರಹ ಹಿಂದೆ ಸರಿಯಲಿಲ್ಲ. ಹಾಗೆ ಸರಿಯದಿರಲು ಮುಖ್ಯ ಕಾರಣ ಉರ್ದು ಲಿಪಿಯ ಸ್ವಭಾವ.

ಹೋಲಿಕೆಗೆ ಕನ್ನಡವನ್ನು ನೋಡಬಹುದು. ಉರ್ದು ಪತ್ರಿಕೆಗಳಂತೆ ಕನ್ನಡದ ಮೊದಲ ಪತ್ರಿಕೆಯೂ ಕಲ್ಲಚ್ಚಿನಲ್ಲೇ ಹುಟ್ಟಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಪಾಕ್ಷಿಕವನ್ನು ಕಲ್ಲಿನ ಮೇಲೆ ಮೂಡಿಸಿ ಅಚ್ಚು ತೆಗೆಯಲಾಗುತ್ತಿತ್ತು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಸೀಸದ ಮೊಳೆಗಳಿಂದ ಅಚ್ಚಾಗತೊಡಗಿತು. ಮೊಳೆ ಎಂದರೆ ತುದಿಯಲ್ಲಿ ಒಂದು ಅಕ್ಷರ ತಿರುಗುಮುರುಗಾಗಿ ಉಬ್ಬಿರುವ ಲೋಹದ ಸಣ್ಣ ತುಂಡು. ಇವುಗಳನ್ನು ಸಾಲಾಗಿ ಜೋಡಿಸಿ ಪುಟ ಕಟ್ಟಿ, ಅಚ್ಚು ಮುಗಿದ ಮೇಲೆ ಬಿಡಿಸಿ ಮರಳಿ ತಮ್ಮ ತಮ್ಮ ಮನೆಗಳಿಗೆ ಹಾಕಬಹುದು. ಒತ್ತಕ್ಷರ, ಗುಣಿತಗಳಿಗಾಗಿ ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕಾಗುತ್ತಿದ್ದುದರಿಂದ ಮೊಳೆ ಜೋಡಿಸುವವನ ಕೆಲಸ ಸುಲಭದ್ದಾಗಿರಲಿಲ್ಲ. ಆದರೂ ಕನ್ನಡದ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುವಂಥವು. ಲೋಹಕ್ಕೆ ಒಗ್ಗಿಕೊಳ್ಳಲು ಅಷ್ಟು ಸಾಕಾಯಿತು.

ಉರ್ದುವಿನ ನಸ್ತಾಲೀಕ್ ಬರಹ ಹಾಗೆ ಒಗ್ಗಲಿಲ್ಲ. ಅದರಲ್ಲಿ ಪ್ರತಿ ಪದವೂ ಬಲದ ಮೇಲ್ತುದಿಯಿಂದ ಎಡಕ್ಕೆ ಇಳಿಜಾರಾಗಿ ಸಾಗುತ್ತದೆ. ಒಂದೇ ಅಕ್ಷರ ತನ್ನ ಹಿಂದುಮುಂದಿನ ಅಕ್ಷರಗಳಿಗೆ ತಕ್ಕಂತೆ ಆಕಾರ ಬದಲಿಸುತ್ತದೆ. ಆದ್ದರಿಂದ ಚೌಕಾಕಾರದ ಲೋಹದ ತುಂಡುಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಬರಹದ ಅಂದವೆಲ್ಲ ಮುರಿದುಬೀಳುತ್ತದೆ. ಪರ್ಷಿಯನ್ನಿನ ಸ್ಥಾನದಲ್ಲಿ 1884ರಲ್ಲಿ ಉರ್ದುವನ್ನು ಆಡಳಿತ ಭಾಷೆಯಾಗಿಸಿದ ಹೈದರಾಬಾದಿನಲ್ಲಿ, ಪತ್ರಿಕೆಯ ಪುಟಗಳು ಕಾತಿಬನ, ಅಂದರೆ ಸುಂದರ ಕೈಬರಹವನ್ನೇ ವೃತ್ತಿಯಾಗಿಸಿಕೊಂಡ ಲಿಪಿಕಾರನ, ಕೈಯಿಂದಲೇ ಬರಬೇಕಾಯಿತು.

ಆ ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಕಾತಿಬನು ಗಂಜಿ, ಅಂಟು ಬಳಿದ ಕಾಗದದ ಮೇಲೆ ಜೊಂಡಿನ ಲೇಖನಿಯಿಂದ ಜಿಡ್ಡಿನ ಮಸಿಯಲ್ಲಿ ಇಡೀ ಪುಟವನ್ನು ಬರೆಯುತ್ತಿದ್ದನು. ಆ ಕಾಗದವನ್ನು ನುಣುಪಾದ ಸುಣ್ಣಗಲ್ಲಿನ ಮೇಲೆ ಬೋರಲಾಗಿಟ್ಟು ಒತ್ತಿದಾಗ ಬರಹ ಕಲ್ಲಿಗೆ ಇಳಿಯುತ್ತಿತ್ತು. ಬಳಿಕ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆಯನ್ನು ಹಾಯಿಸಿದರೆ, ಬರಿಯ ಭಾಗ ನೀರನ್ನು ಹಿಡಿದುಕೊಂಡು ಮಸಿಯನ್ನು ದೂಡುತ್ತಿತ್ತು, ಜಿಡ್ಡಿನ ಗೆರೆಗಳು ನೀರನ್ನು ದೂಡಿ ಮಸಿಯನ್ನು ಹಿಡಿಯುತ್ತಿದ್ದವು. ಎಣ್ಣೆ ಮತ್ತು ನೀರಿನ ಈ ವಿರೋಧವನ್ನು ಅಚ್ಚಿಗೆ ಬಳಸುವ ಉಪಾಯವನ್ನು 1796ರ ಸುಮಾರಿಗೆ ಕಂಡುಕೊಂಡವನು ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್. ಕೆಲಸ ಮುಗಿದ ಕಲ್ಲನ್ನು ಉಜ್ಜಿ, ಹಿಂದಿನ ಬರಹ ಅಳಿಸಿ, ಮುಂದಿನ ಪುಟಕ್ಕೆ ಸಿದ್ಧಪಡಿಸುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಬಂದ ಸುದ್ದಿಗೆ ಎಡೆ ಮಾಡಿಕೊಡುವುದು ಮೊಳೆಯ ಪುಟದಲ್ಲಿ ಕೆಲವು ಸಾಲುಗಳನ್ನು ಬದಲಿಸುವ ಮಾತಾದರೆ, ಇಲ್ಲಿ ಅದು ನುರಿತ ಕೈಯೊಂದು ಮತ್ತೆ ಬರೆಯಲು ಕೂರಬೇಕಾದ ಮಾತಾಗಿತ್ತು. ಆದ್ದರಿಂದ ಹೈದರಾಬಾದಿನ ಉರ್ದು ಪತ್ರಿಕೆಗಳ ಚರಿತ್ರೆಯಲ್ಲಿ ಸಂಪಾದಕರಷ್ಟೇ ಸ್ಥಾನ ಕಾತಿಬರಿಗೂ ಸಲ್ಲಬೇಕು.

ಸಂಸ್ಥಾನದ ಉಳಿದ ಭಾಷೆಗಳ ಪಾಡು ಬೇರೆ. 1922ರಲ್ಲಿ ‘ತೆನುಗು’ ಮತ್ತು ‘ನೀಲಗಿರಿ’ ಎಂಬ ತೆಲುಗು ಪತ್ರಿಕೆಗಳು ಬಂದವು. ಸುರವರಂ ಪ್ರತಾಪರೆಡ್ಡಿಯವರು 1926ರ ಮೇ 10ರಂದು ‘ಗೋಲ್ಕೊಂಡ ಪತ್ರಿಕೆ’ಯನ್ನು ಆರಂಭಿಸಿದರು. ತೆಲಂಗಾಣದಲ್ಲಿ ಕವಿಗಳೇ ಇಲ್ಲವೆಂಬ ಮಾತಿಗೆ ಉತ್ತರವಾಗಿ ಅವರು 354 ಕವಿಗಳ ರಚನೆಗಳನ್ನು ಒಟ್ಟುಗೂಡಿಸಿ 1934ರಲ್ಲಿ ಪ್ರಕಟಿಸಿದ ಸಂಚಿಕೆ, ಒಂದು ಪತ್ರಿಕೆ ತನ್ನ ಭಾಷಿಕರಿಗೆ ಏನನ್ನು ಕೊಡಬಲ್ಲದು ಎಂಬುದಕ್ಕೆ ದೊಡ್ಡ ನಿದರ್ಶನ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿಯಲ್ಲಿ ಅಂಥ ಬಲ ಒದಗಲಿಲ್ಲ. 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು, ನಿಜ. ಆದರೆ ದಿನದಿನದ ಓದಿಗೆ ಅವರು ಸಂಸ್ಥಾನದ ಗಡಿಯಾಚೆಗೆ, ಹುಬ್ಬಳ್ಳಿ ಧಾರವಾಡಗಳ ಕಡೆಗೆ ನೋಡಬೇಕಾಗಿತ್ತು. ಸನತ್‌ನಗರವನ್ನು ಹಾದು ಕಲಬುರಗಿ ಜಿಲ್ಲೆಯ ವಾಡಿಯನ್ನು ಸೇರುವ, 1874ರಷ್ಟು ಹಳೆಯದಾದ ರೈಲುದಾರಿ ರಾಜಧಾನಿಯನ್ನು ಕನ್ನಡ ಜಿಲ್ಲೆಯೊಂದಿಗೆ ನೇರವಾಗಿ ಬೆಸೆದಿತ್ತು. ಆ ದಾರಿಯ ಎರಡು ತುದಿಗಳ ನಡುವೆ ಆಡಳಿತದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಗಿತ್ತು. ತನ್ನ ಸರ್ಕಾರದ ಸುದ್ದಿಯನ್ನು ಉರ್ದುವಿನಲ್ಲಿಯೂ ತನ್ನ ನಾಡಿನ ಸುದ್ದಿಯನ್ನು ಹೊರಗಿನಿಂದ ಬಂದ ಕನ್ನಡ ಪತ್ರಿಕೆಯಲ್ಲಿಯೂ ಓದಬೇಕಾದ ಆ ಓದುಗನ ಸ್ಥಿತಿಯನ್ನು ಮರೆತರೆ, 1956ರ ಏಕೀಕರಣದ ಹಿಂದಿದ್ದ ಹಂಬಲದ ಒಂದು ಮುಖ್ಯ ಎಳೆಯೇ ಕೈತಪ್ಪುತ್ತದೆ.

ಹಾಗೆಂದು ಉರ್ದು ಪತ್ರಿಕೆಗಳೆಲ್ಲ ನಿಜಾಮರ ಪರವಾಗಿದ್ದವೆಂದು ತಿಳಿಯುವುದು ದೊಡ್ಡ ತಪ್ಪಾಗುತ್ತದೆ. ಮಂದುಮುಲ ನರಸಿಂಗರಾಯರ ‘ರಯ್ಯತ್’ ಉರ್ದುವಿನಲ್ಲೇ ಪ್ರಜೆಗಳ ಪರವಾಗಿ ಬರೆದು ಸರ್ಕಾರದ ನಿಷೇಧಕ್ಕೆ ಒಳಗಾಯಿತು. ಅದರಲ್ಲಿ ದುಡಿದಿದ್ದ ಶೋಯೆಬುಲ್ಲಾ ಖಾನ್ 1947ರ ನವೆಂಬರಿನಲ್ಲಿ ‘ಇಮ್ರೋಜ್’ ದಿನಪತ್ರಿಕೆಯನ್ನು ಆರಂಭಿಸಿ, ಹೈದರಾಬಾದ್ ಭಾರತದೊಂದಿಗೆ ಸೇರಬೇಕೆಂದು ಬಿಚ್ಚುಮಾತಿನಲ್ಲಿ ಬರೆದರು. 1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಕಾಚಿಗುಡದ ಬಳಿ ಅವರ ಮೇಲೆ ದಾಳಿ ನಡೆಯಿತು. ಹಂತಕರು ಗುಂಡು ಹಾರಿಸಿದ್ದಲ್ಲದೆ ಬರೆಯುವ ಕೈಯನ್ನೂ ಕಡಿದರು. ಆಗಸ್ಟ್ 22ರಂದು ಅವರು ತೀರಿಕೊಂಡರು. ಸಂಸ್ಥಾನ ಭಾರತಕ್ಕೆ ಶರಣಾದದ್ದು ಅದಾಗಿ 26 ದಿನಗಳಿಗೆ, ಸೆಪ್ಟೆಂಬರ್ 17ರಂದು. ತಾವು ಕಾದ ಆ ದಿನವನ್ನು ಅವರು ಕಾಣಲಿಲ್ಲ.

1949ರ ಆಗಸ್ಟ್ 15ರಂದು ಆಬಿದ್ ಅಲಿ ಖಾನ್ ಮತ್ತು ಮಹಬೂಬ್ ಹುಸೇನ್ ಜಿಗರ್ ‘ಸಿಯಾಸತ್’ ಎಂಬ ಉರ್ದು ದಿನಪತ್ರಿಕೆಯನ್ನು ಆರಂಭಿಸಿದರು. ಮುಂದೆ ಕಲ್ಲಿನ ಜಾಗಕ್ಕೆ ತೆಳುವಾದ ಲೋಹದ ತಗಡನ್ನು ಬಳಸುವ ಆಫ್‌ಸೆಟ್ ಮುದ್ರಣ ಬಂದಾಗಲೂ ಕಾತಿಬರ ಬರಹ ಉಳಿಯಿತು. ಅವರು ಬರೆದ ಪುಟದ ಛಾಯಾಚಿತ್ರವನ್ನೇ ತಗಡಿಗೆ ಇಳಿಸಲಾಗುತ್ತಿತ್ತು. ಅಕ್ಷರಗಳ ಬದಲು ಸಾವಿರಾರು ಕೂಡುರೂಪಗಳನ್ನೇ ಸಂಗ್ರಹಿಸಿಟ್ಟ ‘ನೂರಿ ನಸ್ತಾಲೀಕ್’ ಎಂಬ ಗಣಕ ಲಿಪಿಯಲ್ಲಿ 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ಹೊರಬಂದ ಮೇಲೆಯೇ ಉರ್ದು ಪತ್ರಿಕೆಗಳಲ್ಲಿ ಕೈಬರಹದ ಕಾಲ ಮುಗಿಯುತ್ತ ಬಂತು.

ಕನ್ನಡದ ಸೀಸದ ಮೊಳೆಗಳೂ ಹೆಚ್ಚುಕಡಿಮೆ ಅದೇ ದಶಕಗಳಲ್ಲಿ ಮೂಲೆಗೆ ಸರಿದವು. ಅವುಗಳ ಜಾಗಕ್ಕೆ ಬಂದ ಆಫ್‌ಸೆಟ್ ಯಂತ್ರದಲ್ಲಿ ಇಂದಿಗೂ ತಗಡಿನ ಬರಿಯ ಭಾಗ ನೀರನ್ನೂ ಅಕ್ಷರದ ಭಾಗ ಜಿಡ್ಡು ಮಸಿಯನ್ನೂ ಹಿಡಿಯುತ್ತವೆ. 1844ರಲ್ಲಿ ಕಲ್ಲಚ್ಚನ್ನು ಬಿಟ್ಟು ಬಳ್ಳಾರಿಗೆ ಹೊರಟಿದ್ದ ಕನ್ನಡ ಪತ್ರಿಕೆ, ಮಂಗಳೂರಿನ ಆ ಕಲ್ಲಿನ ನಿಯಮದಲ್ಲೇ ಈಗ ದಿನವೂ ಅಚ್ಚಾಗುತ್ತಿದೆ.